ಪೂರ್ವಕ್ಕೆ ಓಡಿದ ಬಿರುಕು

ಕಲ್ಲು ಬಿದ್ದದ್ದು ನಮ್ಮ ಕಾರಿಗೆ, ಕಳವಳಪಟ್ಟದ್ದು ಎದುರುಮನೆಯ ಚೆಲುವಮ್ಮ. ಜಲ್ಲಿ ಲಾರಿಯ ಹಿಂದೆ ಬರುತ್ತಿದ್ದಾಗ ಒಂದು ಕಲ್ಲು ಚಿಮ್ಮಿ ಕಾರಿನ ಮುಂದಿನ ಗಾಜಿನ ಎಡಮೂಲೆಗೆ ಬಡಿದಿತ್ತು. ಹುರಿಗಡಲೆಯಷ್ಟು ಗುರುತು, ಅಷ್ಟೇ. ನಮ್ಮ ಯಜಮಾನರು ಕಾರನ್ನು ಹೊಂಗೆಮರದ ಕೆಳಗೆ ನಿಲ್ಲಿಸಿ, ಗುರುತಿನ ಮೇಲೊಮ್ಮೆ ಬೆರಳಾಡಿಸಿ, "ಏನೂ ಆಗಲ್ಲ ಬಿಡು" ಎಂದು ಒಳಗೆ ಹೋದರು. ಚೆಲುವಮ್ಮ ಮಾತ್ರ ಮಾಡುತ್ತಿದ್ದ ಕೆಲಸ ಬಿಟ್ಟು ರಸ್ತೆ ದಾಟಿ ಬಂದು, ಬಾಯಿಗೆ ಸೆರಗು ಅಡ್ಡ ಹಿಡಿದು, ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು: "ಎತ್ತ ಓಡ್ತದೋ ಏನೋ. ಓಡೋಕೆ ಮುಂಚೆ ತೆಗೆಸ್ಬಿಡೇ ಮಂಗಳಾ."

ನಮ್ಮೂರಿನಲ್ಲಿ ಗಾಜು ಸೀಳಿದರೆ ಎಲ್ಲರ ಎದೆಯಲ್ಲೂ ಏಳುವ ಪ್ರಶ್ನೆ ಇದೊಂದೇ. ಗಾಜಿನ ಒಡೆಯರ ಮನಸ್ಸು ಯಾರ ಮೇಲಿದೆಯೋ ಬಿರುಕು ಅವರಿರುವ ದಿಕ್ಕಿಗೆ ಬೆಳೆಯುತ್ತದೆ. ಒಂದೇ ಸಲಕ್ಕಲ್ಲ, ಸೋರೆಬಳ್ಳಿಯ ಹಾಗೆ ದಿನಕ್ಕೊಂದಿಷ್ಟು. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಮನೆಯ ಕಿಟಕಿಗಳನ್ನು ನೋಡುತ್ತಾರೆ. ಬಿರುಕು ಬಿಟ್ಟ ಕನ್ನಡಕ ಹಾಕಿಕೊಂಡು ಯಾರೂ ಪೇಟೆಗೆ ಹೋಗುವುದಿಲ್ಲ. ಒಬ್ಬರ ಮನೆಯ ಗಾಜು ಸೀಳಿದ್ದರೆ, ಉಣ್ಣುವವರ ತಟ್ಟೆಯಿಂದ ಕಣ್ಣು ತೆಗೆಯುವ ಹಾಗೆ, ಮುಖ ತಿರುಗಿಸಿಕೊಂಡು ಹೋಗುವುದು ಮರ್ಯಾದೆ. ಹಾಗೆ ತಿರುಗಿಸಿಕೊಂಡು ಓರೆಗಣ್ಣಿನಲ್ಲಿ ನೋಡುವುದನ್ನೂ ಎಲ್ಲರೂ ಚೆನ್ನಾಗಿ ಕಲಿತಿದ್ದಾರೆ. ಮಿಠಾಯಿ ಅಂಗಡಿಯ ನರಸೇಗೌಡನ ಗಾಜಿನ ಬೀರು ಒಮ್ಮೆ ಬಿರುಕು ಬಿಟ್ಟಾಗ, ಹೆಂಡತಿ ಮಕ್ಕಳಿದ್ದ ಮನೆಯ ಕಡೆಗೆ ಅದು ತಿರುಗಿಯೂ ನೋಡದೆ, ರಸ್ತೆಯಾಚೆ ಹೊಸದಾಗಿ ತೆರೆದ ಇನ್ನೊಂದು ಮಿಠಾಯಿ ಅಂಗಡಿಯತ್ತ ನೆಟ್ಟಗೆ ಓಡಿತ್ತು. "ಪಾಪ, ಆ ಅಂಗಡಿಯವನ ಬಾದುಷಾನೇ ಅವನ ಕನಸಲ್ಲಿ ಬರ್ತದೆ" ಎಂದು ಊರೆಲ್ಲ ನಕ್ಕಿದ್ದೆವು. ನಮ್ಮ ಅತ್ತೆಯಂತೂ ಸಾಯುವವರೆಗೂ ತಮ್ಮ ಕನ್ನಡಕವನ್ನು ಒರೆಸಲು ನನ್ನ ಕೈಗೆ ಕೊಟ್ಟವರಲ್ಲ. ಸೊಸೆಯ ಮೇಲೆ ಅಷ್ಟೂ ನಂಬಿಕೆಯಿಲ್ಲವೇ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಆ ಕಾರು ಹಳೇ ಫಿಯೆಟ್ಟು. ನನ್ನ ಮದುವೆಗೆ ಮುಂಚೆಯೇ ಈ ಮನೆಗೆ ಬಂದದ್ದು, ಹಾಗಾಗಿ ಮನೆಯಲ್ಲಿ ನನಗಿಂತ ಅದೇ ಹಿರಿಯದು. ಯಜಮಾನರು ಅದರಲ್ಲಿ ಜನಕ್ಕೆ ಡ್ರೈವಿಂಗ್ ಕಲಿಸುತ್ತಾರೆ. ನೆತ್ತಿಯ ಮೇಲಿನ ಬೋರ್ಡಿನಲ್ಲಿ 'ಗುರುಮಲ್ಲಪ್ಪ ಡ್ರೈವಿಂಗ್ ಸ್ಕೂಲ್' ಎಂದು ಅವರ ಹೆಸರೇ ದಪ್ಪಕ್ಷರದಲ್ಲಿದೆ. ಅವರ ಬಲಭುಜ ಹಿಡಿದುಕೊಂಡು ಕೈ ಮೇಲೇಳದಂತಾದ ಮೇಲೆ ಅದನ್ನು ತೊಳೆಯುವುದು, ಒರೆಸುವುದು ನನ್ನ ಪಾಲಿಗೆ ಬಂತು. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಳೇ ಪಂಚೆಯ ತುಂಡಿನಿಂದ ಗಾಜು ಒರೆಸುತ್ತೇನೆ. ಅವರು ಒಳಗೆ ಕೂತು ಕಾಫಿ ಕುಡಿಯುತ್ತಾ, "ಎಡಗಡೆ ಇನ್ನೂ ಮಬ್ಬಾಗಿದೆ ನೋಡು" ಎನ್ನುತ್ತಾರೆ. ನನಗೂ ಓಡಿಸುವುದನ್ನು ಕಲಿಸಿ ಎಂದು ಒಮ್ಮೆ ಕೇಳಿದ್ದೆ. "ನಿನಗ್ಯಾಕೆ ಆ ತಾಪತ್ರಯ? ಎಲ್ಲಿಗೆ ಹೋಗ್ಬೇಕು ಹೇಳು, ನಾನೇ ಬಿಡ್ತೀನಿ" ಎಂದರು. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಕಲಿಯಬೇಕಾಗಿತ್ತು. ಅದನ್ನು ಬಿಡಿಸಿ ಹೇಳಲು ಬರದೆ ಮತ್ತೆ ಗಾಜು ಒರೆಸಲು ಹೋಗಿದ್ದೆ.

ನನಗೆ ಕಲಿಸದ ಮನುಷ್ಯ ದಾಕ್ಷಾಯಿಣಿಗೆ ಕಲಿಸುತ್ತಿದ್ದರು. ಕೈಮಗ್ಗದ ಸೀರೆ ಮಾರುವ ಸೊಸೈಟಿ ಅಂಗಡಿಗೆ ಮ್ಯಾನೇಜರಾಗಿ ಹೊರಗಿನಿಂದ ಬಂದ ಹೆಂಗಸು. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬಹುದು. ಒಬ್ಬಳೇ ಇದ್ದಳು; ಯಾಕೆ ಒಬ್ಬಳೇ ಎಂದು ಕೇಳುವ ಧೈರ್ಯ ಚೆಲುವಮ್ಮನಿಗೂ ಬಂದಿರಲಿಲ್ಲ. ಓಡಿಸಲು ಬರುವುದಕ್ಕೆ ಮೊದಲೇ ಕೆಂಪು ಬಣ್ಣದ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಮನೆ ಮುಂದೆ ನಿಲ್ಲಿಸಿಕೊಂಡಿದ್ದಳು, ಅಷ್ಟು ಧೈರ್ಯದವಳು. ಬೆಳಗ್ಗೆ ನಾನು ಗಾಜು ಒರೆಸಿ ಮುಗಿಸುವ ಹೊತ್ತಿಗೆ ಸರಿಯಾಗಿ ಗಂಜಿ ಹಾಕಿದ ಸೀರೆಯುಟ್ಟು ಬರುತ್ತಿದ್ದಳು. "ಅಕ್ಕಾ, ಚೆನ್ನಾಗಿದೀರಾ?" ಎನ್ನುತ್ತಾ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದಳು. ಕಾರು ಕುಪ್ಪಳಿಸಿ ನಿಂತಾಗ ಒಳಗಿನಿಂದ ಗಹಗಹಿಸಿ ನಗುವ ಸದ್ದು. ಯಜಮಾನರು ನನ್ನ ಅಡುಗೆಯನ್ನು 'ಪರವಾಗಿಲ್ಲ' ಎನ್ನುವುದಕ್ಕಿಂತ ಹೆಚ್ಚು ಹೊಗಳಿದವರಲ್ಲ. ಆದರೆ ಒಂದು ದಿನ ಊಟಕ್ಕೆ ಕೂತವರು, "ಕ್ಲಚ್ ಬಿಡೋದು ಅಂದ್ರೆ ಆಕೆ ಬಿಡೋ ಹಾಗೆ ಬಿಡಬೇಕು" ಎಂದರು. ನನ್ನ ಕೈಯಲ್ಲಿದ್ದ ಸಾರಿನ ಸೌಟು ಅವರ ತಟ್ಟೆಗೆ ಸ್ವಲ್ಪ ಜೋರಾಗಿಯೇ ತಗುಲಿತು.

ಅಂದಿನಿಂದ ನನ್ನ ಹೊಟ್ಟೆಯಲ್ಲಿ ಕೆಂಡ. ಒಗ್ಗರಣೆ ಹಾಕುವಾಗ ಅವಳು ಯಾವ ಎಣ್ಣೆ ಬಳಸುತ್ತಾಳೋ ಎನಿಸುವುದು. ತಲೆ ಬಾಚುವಾಗ ಅವಳ ಜಡೆ ನೆನಪಾಗುವುದು, ನನ್ನದು ತೆಳ್ಳಗೆ ಕಾಣುವುದು. ನೆರಿಗೆ ಹಿಡಿಯುವಾಗ, ಅವಳ ಹಾಗೆ ಗಂಜಿ ಹಾಕಿದರೆ ನನಗೆ ಒಪ್ಪುತ್ತದೆಯೇ ಎಂದು ಕನ್ನಡಿಯೆದುರು ನಿಂತುಬಿಡುವುದು. ಪಂಚೆಯ ತುಂಡು ಹಿಡಿದು ಡ್ರೈವರ್ ಸೀಟಿನ ಎದುರಿನ ಗಾಜನ್ನು ಉಜ್ಜುವಾಗಲಂತೂ, ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ಕೂರುವವಳು ಅವಳೇ ತಾನೇ ಎಂದು ಹಲ್ಲು ಕಚ್ಚಿ ಉಜ್ಜುತ್ತಿದ್ದೆ. ಅವಳು ಬರುವುದಕ್ಕೆ ಮುಂಚೆ ಇಡೀ ದಿನ ಏನು ಯೋಚಿಸುತ್ತಿದ್ದೆನೋ ಈಗ ನೆನಪಿಗೇ ಬರುವುದಿಲ್ಲ.

ಕಲ್ಲು ಬಿದ್ದದ್ದು ಇಂಥ ಹೊತ್ತಿನಲ್ಲಿ. ಗಾಜು ಹಾಕುವ ಗೌಸ್ ಸಾಬರನ್ನು ಕರೆಸಿದೆ. ಅವರು ಗಾಜನ್ನು ಮೊಳ ಹಾಕಿ ಅಳೆದು, ಗುರುತಿನ ಕಡೆ ಕಣ್ಣೆತ್ತದೆ, "ಈ ಕಾರಿನ ಗಾಜು ಈಗ ಯಾರು ಮಾಡ್ತಾರಮ್ಮ? ಎಲ್ಲಾದ್ರೂ ಗುಜರಿಯಲ್ಲಿ ಗಟ್ಟಿಯಾಗಿರೋದು ಸಿಕ್ಕಿದ್ರೆ ತರ್ತೀನಿ. ಅಲ್ಲೀವರೆಗೂ ತಾಳ್ಕೊಳಿ" ಎಂದರು. ಅವರ ಕಸುಬಿನವರು ಗಾಜಿನಲ್ಲಿ ಕಂಡದ್ದನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ಹೇಳಿದರೆ ಆಮೇಲೆ ಯಾರೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ತಾಳಿಕೊಂಡೆ. ತಾಳಿಕೊಂಡಿರುವಾಗಲೇ ಹುರಿಗಡಲೆಗೆ ಬಾಲ ಮೂಡಿತು.

ಬಾಲ ಬಲಕ್ಕೆ ಹೊರಟಿತು. ನಮ್ಮ ಕಾರು ಉತ್ತರಕ್ಕೆ ಮುಖ ಮಾಡಿ ನಿಲ್ಲುತ್ತಿತ್ತು, ಅಂದರೆ ಬಲವೆಂದರೆ ಪೂರ್ವ. ನಮ್ಮ ಬೀದಿಯಿಂದ ಪೂರ್ವಕ್ಕಿರುವುದು ಹಿಟ್ಟಿನ ಗಿರಣಿ, ದನದ ಆಸ್ಪತ್ರೆ, ಅದನ್ನು ದಾಟಿದರೆ ದಾಕ್ಷಾಯಿಣಿಯ ಮನೆ. ಗಿರಣಿಯ ಚಿಕ್ಕಣ್ಣನನ್ನು ಅವನ ಹೆಂಡತಿಯೇ ನೆನೆಯುವುದಿಲ್ಲ. ಉಳಿದವಳು ಅವಳೊಬ್ಬಳೇ. ಆದರೂ ಅವಸರದಲ್ಲಿ ತಪ್ಪು ಹೊರಿಸಬಾರದೆಂದು, ಹೊಂಗೆಹೂವು ಬಾನೆಟ್ಟಿನ ಮೇಲೆ ಉದುರುತ್ತದೆಂಬ ನೆಪ ಮಾಡಿ, ಕಾರನ್ನು ತಿರುಗಿಸಿ ನಿಲ್ಲಿಸಲು ಹೇಳಿದೆ. ಈಗ ಅದರ ಮುಖ ದಕ್ಷಿಣಕ್ಕೆ, ಪೂರ್ವವೆಂಬುದು ಎಡಕ್ಕೆ. ಬಿರುಕು ಒಂದು ದಿನ ತಟಸ್ಥವಾಗಿ ನಿಂತಿತು. ಮರುದಿನ ಬೆಳಗ್ಗೆ ಪಂಚೆಯ ತುಂಡು ಹಿಡಿದು ನೋಡುತ್ತೇನೆ, ಮೇವು ಕಂಡ ಮೇಕೆ ಕತ್ತು ಹೊರಳಿಸುವ ಹಾಗೆ ಬಾಗಿ, ಬಂದ ದಾರಿಯ ಮೇಲ್ಗಡೆಯೇ ವಾಪಸು ಎಡಕ್ಕೆ ಹೊರಟಿತ್ತು. ಆ ವಾರ ದಾಕ್ಷಾಯಿಣಿ ಪಶ್ಚಿಮದ ಊರಿನಲ್ಲಿರುವ ತಂಗಿಯ ಮನೆಗೆ ಹೋದಳು. ಬಿರುಕು ಮತ್ತೆ ತಿರುಗಿ ಪಶ್ಚಿಮಕ್ಕೆ ನಡೆಯಿತು. ಅವಳು ಊರಿಗೆ ಬಂದಳು, ಅದೂ ಹಿಂದೆಯೇ ಬಂತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಇನ್ನೇನು ಬೇಕು?

ಯಜಮಾನರು ಕೈ ತೊಳೆದುಕೊಳ್ಳುತ್ತಿದ್ದಾಗ ಹಿತ್ತಲ ಬಾಗಿಲಿಗೆ ಅಡ್ಡ ನಿಂತೆ. "ಏನ್ರೀ ಇದು?"

"ಯಾವುದು?"

"ಊರೆಲ್ಲ ನೋಡ್ತಿದೆ, ನಿಮಗೆ ಮಾತ್ರ ಕಾಣಲ್ವಾ? ಗಾಜು ಅವಳ ಮನೆ ದಾರಿ ಹಿಡಿದಿದೆ."

ಅವರು ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. "ನಾನೂ ನೋಡ್ದೆ ಕಣೇ. ನನ್ನಾಣೆಗೂ ನಾನು ಆಕೇನ ನೆನೆಸ್ಕೊಂಡೇ ಇಲ್ಲ. ಕ್ಲಾಸಿಗೆ ಬರ್ತಾರೆ, ಕಲಿಸ್ತೀನಿ, ಹೋಗ್ತಾರೆ."

"ಹಂಗಾದ್ರೆ ಗಾಜು ಸುಳ್ಳು ಹೇಳುತ್ತಾ?"

"ಗಾಜು ಯಾಕೆ ಸುಳ್ಳು ಹೇಳುತ್ತೆ?" ಎಂದು ಅವರು ಅಲ್ಲೇ ನಿಂತು ಯೋಚನೆಗೆ ಬಿದ್ದರು. "ಅದೇ ನನಗೂ ಅರ್ಥ ಆಗ್ತಿಲ್ಲ. ಮನಸ್ಸಲ್ಲಿ ಇದ್ದೂ ಗೊತ್ತಾಗದೇ ಇರುತ್ತೇನೋ."

ಹೀಗೆ ಕೇಳಬಾರದಿತ್ತೋ ಏನೋ. ಬೈದಿದ್ದರೆ, ಇಲ್ಲವೇ ಇಲ್ಲ ಎಂದು ಕೂಗಾಡಿದ್ದರೆ ನನಗೆ ನೆಮ್ಮದಿಯಿರುತ್ತಿತ್ತು. ಅವರು ಕೂಗಾಡಲಿಲ್ಲ. ಕಳೆದುಹೋಗಿದ್ದ ವಸ್ತುವೊಂದು ಜೇಬಿನಲ್ಲೇ ಇದೆಯೆಂದು ಯಾರೋ ಹೇಳಿದಂತೆ ತಮ್ಮನ್ನು ತಾವೇ ತಡಕಾಡತೊಡಗಿದರು. ವಾರಕ್ಕೆ ಎರಡು ಸಲ ಗಡ್ಡ ಮಾಡಿಕೊಳ್ಳುತ್ತಿದ್ದವರು ದಿನವೂ ಮಾಡಿಕೊಂಡರು. ಮೀಸೆಯ ನರೆಗೆ ಬಣ್ಣ ಬಂತು. ಎಂದೋ ಕೊಂಡು ಪೆಟ್ಟಿಗೆಯಲ್ಲಿಟ್ಟಿದ್ದ ನೀಲಿ ಅಂಗಿ ಇಸ್ತ್ರಿಯಾಗಿ ಮೈಮೇಲೆ ಬಂತು. ಎತ್ತಲಾಗದ ಭುಜವೂ ತಲೆ ಬಾಚಿಕೊಳ್ಳುವ ಹೊತ್ತಿಗೆ ಮಾತ್ರ ಸಲೀಸಾಗಿ ಎದ್ದಿತು. ಊಟಕ್ಕೆ ಕೂತಲ್ಲಿ ಪೂರ್ವದ ಕಿಟಕಿಯತ್ತ ನೋಡುತ್ತಾ ತುತ್ತು ಕೈಯಲ್ಲೇ ಹಿಡಿದಿರುತ್ತಿದ್ದರು. ಅಪರಾಧಿಯ ಮುಖವೇನೋ ಹೌದು, ಆದರೆ ಅದರಡಿಯಲ್ಲಿ ಚೂರು ಹೆಮ್ಮೆಯೂ ಇತ್ತು. ಈ ವಯಸ್ಸಿನಲ್ಲೂ ತನ್ನೊಳಗೆ ಇಂಥದೊಂದು ಇದೆಯಲ್ಲ ಎಂಬ ಹೆಮ್ಮೆ. ಅದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು.

ದಾಕ್ಷಾಯಿಣಿಗೆ ಮೊದಮೊದಲು ನಮ್ಮೂರಿನ ಗಾಜಿನ ಸಂಗತಿ ತಿಳಿದಿರಲಿಲ್ಲ. ಸೀರೆ ಕೊಳ್ಳಲು ಹೋದ ಚೆಲುವಮ್ಮ, ಸೀರೆ ಕೊಳ್ಳದೆ ಅದನ್ನು ತಿಳಿಸಿ ಬಂದರು. ಮಾರನೆಯ ದಿನದಿಂದ ಕಾರಿನೊಳಗೆ ನಗುವಿನ ಸದ್ದು ನಿಂತಿತು. ಕಾರು ಕುಪ್ಪಳಿಸಿದರೂ ಇಬ್ಬರೂ ಗಂಭೀರವಾಗಿ ಮುಂದೆ ನೋಡುತ್ತಿದ್ದರು. "ಎರಡನೇ ಗೇರು" ಎಂದು ಇವರು ಎನ್ನುವುದು, "ಹ್ಞೂಂ ಸರ್" ಎಂದು ಅವಳು ಎನ್ನುವುದು, ಅಷ್ಟೇ. ನಗುತ್ತಿದ್ದಾಗಲೇ ವಾಸಿಯಾಗಿತ್ತು. ಆ ಮೌನವನ್ನು ನನ್ನಿಂದ ಸಹಿಸಲಾಗಲಿಲ್ಲ. ಏನೂ ಇಲ್ಲದವರು ಹಾಗೆ ಮಾತಿಲ್ಲದೆ ಕೂರುತ್ತಾರೆಯೇ? ನನ್ನ ಜೊತೆ ಅವರು ಒಂದು ದಿನವಾದರೂ ಅಷ್ಟು ಎಚ್ಚರದಿಂದ ಸುಮ್ಮನೆ ಕೂತದ್ದುಂಟೇ? ಬಿರುಕು ಈಗ ಗಾಜಿನ ಅರ್ಧ ದಾಟಿತ್ತು, ಮೊದಲಿಗಿಂತ ಬಿರುಸಾಗಿ ಓಡುತ್ತಿತ್ತು.

ಕೊನೆಗೆ ಗೌಸ್ ಸಾಬರು ಕಂಬಳಿಯಲ್ಲಿ ಸುತ್ತಿದ ಗಾಜನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಎಲ್ಲೋ ತೋಟದ ಮೂಲೆಯಲ್ಲಿ ಕೋಳಿಗೂಡಾಗಿದ್ದ ಇದೇ ಮಾದರಿಯ ಕಾರಿನದಂತೆ. ಒಂದು ಗೆರೆಯೂ ಇಲ್ಲದ ಗಾಜು. ಕ್ಲಾಸಿಗೆಂದು ಬಂದ ದಾಕ್ಷಾಯಿಣಿ ಹಿಂತಿರುಗುವುದೋ ನಿಲ್ಲುವುದೋ ತಿಳಿಯದೆ ಗೇಟಿನ ಬಳಿ ನಿಂತಳು. ಚೆಲುವಮ್ಮ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದರು. ಸಾಬರು ಕಾರಿನೊಳಗೆ ಮಲಗಿ ಎರಡೂ ಪಾದಗಳಿಂದ ಹಳೇ ಗಾಜನ್ನು ಮೆತ್ತಗೆ ಒತ್ತಿದರು. ಗಾಜು ತನ್ನ ರಬ್ಬರಿನ ಅಂಚಿನ ಸಮೇತ ಹೊರಗೆ ಬಂತು. ಅದರ ಸಂದಿಯಿಂದ ಒಂದು ಜಲ್ಲಿಕಲ್ಲು ಬಾನೆಟ್ಟಿನ ಮೇಲೆ ಟಣ್ಣೆಂದು ಉರುಳಿತು. "ಇಗೊಳ್ಳಿ, ನಿಮ್ಮ ಕಲ್ಲು ಇಲ್ಲೇ ಇತ್ತು" ಎಂದು ಸಾಬರು ಅದನ್ನು ನನ್ನ ಕೈಗಿಟ್ಟರು. ನಾನು ಯೋಚಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹೊಸ ಗಾಜಿಗೆ ರಬ್ಬರು ತೊಡಿಸಿ, ರಬ್ಬರಿನ ಸೀಳಿನೊಳಗೆ ಉದ್ದಕ್ಕೂ ದಾರ ಇಟ್ಟು, ಸೋಪಿನ ನೀರು ಹಚ್ಚಿ, ಕಾರಿಗೆ ಆನಿಸಿದರು. ಯಜಮಾನರು ಒಳಗೆ ಕೂತು ದಾರದ ತುದಿಯನ್ನು ನಿಧಾನಕ್ಕೆ ಎಳೆಯಬೇಕು, ಸಾಬರು ಹೊರಗಿನಿಂದ ಅಂಗೈಯಲ್ಲಿ ತಟ್ಟುತ್ತಾ ಬರಬೇಕು. ದಾರ ಬಂದಷ್ಟೂ ರಬ್ಬರು ತನ್ನ ಜಾಗಕ್ಕೆ ಕೂರುತ್ತದೆ. "ಎಳೀರಿ ಮೇಷ್ಟ್ರೇ... ಹಾಂ, ತಡೀರಿ... ಎಳೀರಿ." ನಾನು ಹೊರಗೆ ನಿಂತು, ಒಳಗೆ ಬಗ್ಗಿ ದಾರ ಎಳೆಯುತ್ತಿದ್ದ ಆ ಬಣ್ಣದ ಮೀಸೆಯನ್ನೂ, ಗೇಟಿನ ಬಳಿ ನೆಲ ನೋಡುತ್ತಿದ್ದ ಗಂಜಿ ಸೀರೆಯನ್ನೂ ನೋಡಿದೆ. ಬಿರುಕು ಹೋಗುತ್ತದೆ, ಆದರೆ ಅದು ತೋರಿಸಿದ್ದು ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಇಷ್ಟು ವರ್ಷದ ಸಂಸಾರ ಒಂದು ಗೆರೆಗೆ ಸೋತಿತಲ್ಲ.

ಗಾಜು ಕೂತಿತು. ನಮ್ಮೂರಿನ ಪದ್ಧತಿಯಂತೆ ಗೌಸ್ ಸಾಬರು ಚೀಲದಿಂದ ಒಗೆದ ಬಿಳಿ ಬಟ್ಟೆಯೊಂದನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ಕೇಳಿದರು: "ಗಾಜು ಯಾರ ಕೈಗೆ?"

ಇದು ಎಲ್ಲ ಮನೆಯಲ್ಲೂ ಕೇಳುವ ಮಾತು. ಯಜಮಾನರು ಕಾರಿನಿಂದ ಇಳಿದು ಬೆವರು ಒರೆಸಿಕೊಳ್ಳುತ್ತಾ, ಅಷ್ಟೇನೂ ಯೋಚಿಸದೆ ಅಂದರು: "ಅವಳಿಗೇ ಕೊಡಿ ಸಾಬ್ರೇ. ದಿನಾ ಒರೆಸೋಳು ಅವಳೇ ಅಲ್ವಾ?"

ನಾನು ಅಭ್ಯಾಸಬಲದಿಂದ ಕೈ ಚಾಚಿದ್ದೆ. ಚಾಚಿದ ಕೈ ಹಾಗೇ ನಿಂತಿತು. ಎದುರುಮನೆಯಲ್ಲಿ ಪೊರಕೆಯ ಸದ್ದೂ ನಿಂತಿತು. ಗಾಜಿನ ಒಡೆಯರೆಂದರೆ ಕೊಂಡವರಲ್ಲ, ಬೋರ್ಡಿನಲ್ಲಿ ಹೆಸರಿದ್ದವರಲ್ಲ, ದಿನಾ ಒರೆಸುವವರು ಎಂಬುದು ನಮ್ಮೂರಿನ ಹಸುಗೂಸಿಗೂ ಗೊತ್ತು. ಬಟ್ಟೆ ಕೊಡುವ ಪದ್ಧತಿಯಿರುವುದೇ ಅದಕ್ಕೆ. ನಮ್ಮ ಅತ್ತೆ ತಮ್ಮ ಕನ್ನಡಕವನ್ನು ಮುಷ್ಟಿಯಲ್ಲಿ ಹಿಡಿದೇ ಸತ್ತದ್ದೂ ಅದಕ್ಕೆ. ಇಷ್ಟೆಲ್ಲ ಗೊತ್ತಿದ್ದೂ ನಾನು, ಇವರು, ಚೆಲುವಮ್ಮ, ಇಡೀ ಬೀದಿ, 'ಮೇಷ್ಟ್ರ ಕಾರು' 'ಮೇಷ್ಟ್ರ ಕಾರು' ಎಂದು ಕರೆದು ಕರೆದು, ಗಾಜೂ ಮೇಷ್ಟ್ರದ್ದೇ ಎಂದುಕೊಂಡುಬಿಟ್ಟಿದ್ದೆವು. ಪಂಚೆಯ ತುಂಡು ಹಿಡಿದು, ಹಲ್ಲು ಕಚ್ಚಿಕೊಂಡು, ಬೆಳಗ್ಗೆ ಬೆಳಗ್ಗೆ ಅವಳನ್ನೇ ನೆನೆಯುತ್ತಾ ಆ ಗಾಜನ್ನು ಉಜ್ಜಿದವಳು ನಾನು. ಗಂಡನಲ್ಲ, ತವರಲ್ಲ, ದೇವರಲ್ಲ, ನನ್ನ ಮನಸ್ಸು ತುಂಬಾ ಅವಳೇ ಇದ್ದಳು.

ಮೊದಲು ಬಾಯಿ ಬಿಟ್ಟವಳು ದಾಕ್ಷಾಯಿಣಿ. "ಅಕ್ಕಾ... ಅಂದ್ರೆ ನೀವಾ? ದಿನಾ ನನ್ನನ್ನೇ?"

"ಹೌದಮ್ಮ, ನಿನ್ನನ್ನೇ. ಎದ್ದರೆ ನೀನು, ಕೂತರೆ ನೀನು" ಎಂದೆ. ಮುಚ್ಚಿಟ್ಟು ಇನ್ನೇನಾಗಬೇಕಿತ್ತು? ಅವಳು ಮೈಮೇಲಿನಿಂದ ಮೂಟೆ ಇಳಿಸಿದವಳ ಹಾಗೆ ಉಸಿರು ಬಿಟ್ಟು, "ಅಯ್ಯೋ ದೇವರೇ, ಸದ್ಯ" ಎಂದು ನಕ್ಕಳು, ಹಳೆಯ ಅದೇ ಗಹಗಹಿಸುವ ನಗು. ಹೆಂಗಸಿನ ಮುಖದಲ್ಲಿ ಕಳ್ಳತನವೇ ಇರಲಿಲ್ಲ. ನನ್ನೆದೆಯೂ ಹಗುರಾಗಬೇಕಿತ್ತು. ಆಗಲೇ ನಾನು ಯಜಮಾನರ ಕಡೆ ತಿರುಗಿದ್ದು.

ಅವರ ಮುಖ ಇಳಿದುಹೋಗಿತ್ತು. ಕಳಂಕ ಕಳೆದ ಮನುಷ್ಯನ ಮುಖ ಅದಲ್ಲ. ಕೈಗೆ ಬಂದದ್ದನ್ನು ಯಾರೋ ಕಿತ್ತುಕೊಂಡಂತೆ, ನೀಲಿ ಅಂಗಿಯೊಳಗೆ ಅವರು ಒಂದು ಸುತ್ತು ಸಣ್ಣಗಾಗಿ ನಿಂತಿದ್ದರು. "ಹಂಗಾದ್ರೆ... ನಾನು ಅಲ್ವಾ?" ಎಂದರು.

"ನೀವಲ್ಲ."

"ನನ್ನ ಮನಸ್ಸಲ್ಲಿ ಏನೂ ಇರ್ಲಿಲ್ವಾ?"

"ಆಗ ಇರ್ಲಿಲ್ಲ" ಎಂದೆ. ಅವರು ಗೇಟಿನ ಕಡೆಗೊಮ್ಮೆ ನೋಡಿ, ತಕ್ಷಣ ಕಣ್ಣು ತೆಗೆದರು. ಆ ನೋಟವನ್ನು ನಾನು ಕಂಡೆ. ಈ ಜನ್ಮಕ್ಕೆ ಮರೆಯುವಂಥದ್ದಲ್ಲ ಅದು. ಇಷ್ಟು ದಿನ ಹೊಟ್ಟೆಕಿಚ್ಚಿಗೆ ಕಾರಣವೇ ಇರಲಿಲ್ಲ. ನನ್ನ ಕಿಚ್ಚೇ ಗಾಜಿನ ಮೇಲೆ ಗೆರೆಯಾಗಿ, ಅದನ್ನು ಓದಿ ಓದಿ ಇವರು ನಿಜವೆಂದು ನಂಬಿ, ಇಲ್ಲದ್ದನ್ನು ಒಳಗೆ ಬೆಳೆಸಿಕೊಂಡಿದ್ದರು. ಕಿಚ್ಚಿಗೆ ಈಗ ಕಾರಣ ಸಿಕ್ಕಿತ್ತು, ಅದನ್ನು ಹುಟ್ಟಿಸಿದವಳು ನಾನೇ ಆಗಿದ್ದೆ.

ಗೌಸ್ ಸಾಬರು ಬಟ್ಟೆ ಹಿಡಿದುಕೊಂಡು ಇನ್ನೂ ಕಾಯುತ್ತಿದ್ದರು. ನಾನು ಅದನ್ನು ತೆಗೆದುಕೊಂಡು, ಮಡಚಿ, ಯಜಮಾನರ ಕೈಗಿಟ್ಟೆ. "ಇನ್ಮೇಲೆ ನೀವೇ ಒರೆಸಿ."

"ನನ್ನ ಭುಜ ಕಣೇ..."

"ತಲೆ ಬಾಚ್ಕೊಳ್ಳೋಕೆ ಏಳುತ್ತಲ್ಲ, ಇದಕ್ಕೂ ಏಳುತ್ತೆ."

ಸಾಬರು ಸಾಮಾನು ಕಟ್ಟುತ್ತಾ, ಯಾರಿಗೆಂದಿಲ್ಲದೆ, "ಹೊಸ ಗಾಜು, ಕೈಗೆ ಒಗ್ಗೋಕೆ ಸ್ವಲ್ಪ ದಿನ ಬೇಕು" ಎಂದರು. ಎಲ್ಲ ಕಡೆಯೂ ಹಾಗೇ ಹೇಳಿ ಹೋಗುತ್ತಾರೆ.

ದಾಕ್ಷಾಯಿಣಿಗೆ ಲೈಸೆನ್ಸು ಬಂತು. ಕೆಂಪು ಕಾರನ್ನು ಅವಳೇ ಓಡಿಸಿಕೊಂಡು ನಮ್ಮ ಬೀದಿಯಲ್ಲಿ ಹೋಗುವಾಗ ನನಗೆ ಮಾತ್ರ ಎರಡು ಸಲ ಹಾರ್ನ್ ಹೊಡೆಯುತ್ತಾಳೆ. ನಾನೂ ಕೈ ಬೀಸುತ್ತೇನೆ, ಅವಳು ಉಟ್ಟ ಸೀರೆಯನ್ನು ಗಮನಿಸಿಯೇ ಬೀಸುತ್ತೇನೆ. ಅವಳು ಬಿಟ್ಟುಹೋದ ಬೆಳಗಿನ ಕ್ಲಾಸು ಈಗ ನನ್ನದು. ಕಲಿಸಿ ಎಂದು ಈ ಸಲ ಕೇಳಲಿಲ್ಲ. ಡ್ರೈವರ್ ಸೀಟಿನಲ್ಲಿ ಹೋಗಿ ಕೂತೆ. ಕ್ಲಚ್ ಬಿಡುವುದು ಇನ್ನೂ ಬಂದಿಲ್ಲ, ಕಾರು ಕುಪ್ಪಳಿಸುತ್ತದೆ, ಇವರು ನಗುವುದಿಲ್ಲ. ಅವಳ ಜೊತೆ ಮೊದಲು ನಗುತ್ತಿದ್ದರು, ಆಮೇಲೆ ನಗು ಬಿಟ್ಟರು. ನನ್ನ ಜೊತೆ ನಗದಿರುವುದು ಅದರಲ್ಲಿ ಯಾವುದಕ್ಕೆ ಸೇರುತ್ತದೋ ನನಗೆ ತಿಳಿಯದು. ಅಡುಗೆಮನೆಯ ಹುಣಸೆಹಣ್ಣಿನ ಜಾಡಿಯ ಹಿಂದೆ, ಸಾಬರು ಅಂದು ಕೈಗಿಟ್ಟ ಜಲ್ಲಿಕಲ್ಲು ಇದೆ. ಅದು ಅಲ್ಲಿರುವುದು ಇವರಿಗೆ ಗೊತ್ತಿಲ್ಲ.

ಬೆಳಗ್ಗೆ ನಾನು ಸ್ಟೇರಿಂಗ್ ಹಿಡಿದು ಒಳಗೆ ಕೂತಿರುತ್ತೇನೆ. ಇವರು ಹೊರಗೆ ನಿಂತು, ಭುಜ ನೋಯುತ್ತದೆಂದು ಮುಖ ಕಿವುಚುತ್ತಾ, ಬಿಳಿ ಬಟ್ಟೆಯಿಂದ ಗಾಜು ಒರೆಸುತ್ತಾರೆ. ನಮ್ಮಿಬ್ಬರ ಮುಖಗಳ ನಡುವೆ ಆ ಗಾಜು ಬಿಟ್ಟರೆ ಬೇರೇನೂ ಇರುವುದಿಲ್ಲ, ಆದರೂ ಅವರೊಳಗೆ ಏನಿದೆಯೋ ನನಗೆ ಕಾಣುವುದಿಲ್ಲ. ನಾನು ಒಳಗಿನಿಂದ ಬೆರಳಿಟ್ಟು ಮಬ್ಬಾದ ಜಾಗ ತೋರಿಸುತ್ತೇನೆ. "ಇಲ್ಲಿ ಇನ್ನೂ ಸ್ವಲ್ಪ. ಚೆನ್ನಾಗಿ ಒರೆಸ್ರೀ, ದಿನಾ ಒರೆಸ್ರೀ" ಎನ್ನುತ್ತೇನೆ. ಗಾಜು ಅವರ ಕೈಗೆ ಒಗ್ಗಲಿ ಎಂದು, ಜಾಡಿಯ ಹಿಂದಿನ ಕಲ್ಲನ್ನು ನೆನೆಯುತ್ತಾ ಕಾಯುತ್ತಿದ್ದೇನೆ.